ದೇವರೊಡನೆ ಜಗಳಕ್ಕೆ ನಿಂತ ಪಾದ್ರಿ

1633ರ ಚಳಿಗಾಲ. ಇಂಗ್ಲೆಂಡಿನ ಸಾಲ್ಸ್‌ಬರಿಗೆ ಹೊಂದಿಕೊಂಡ ಬೆಮರ್ಟನ್ ಎಂಬ ಹಳ್ಳಿಯಲ್ಲಿ ಒಬ್ಬ ಪಾದ್ರಿ ಕ್ಷಯದಿಂದ ಹಾಸಿಗೆ ಹಿಡಿದಿದ್ದ. ವಯಸ್ಸು ಇನ್ನೂ ನಲವತ್ತು ತುಂಬಿರಲಿಲ್ಲ. ನೋಡಲು ಬಂದಿದ್ದ ಎಡ್ಮಂಡ್ ಡಂಕನ್ ಎಂಬಾತನ ಕೈಗೆ ಒಂದು ಪುಟ್ಟ ಹಸ್ತಪ್ರತಿ ಕೊಟ್ಟು, ಗೆಳೆಯ ನಿಕೊಲಾಸ್ ಫೆರಾರ್‌ಗೆ ತಲುಪಿಸುವಂತೆ ಕೇಳಿಕೊಂಡ. ತನಗೂ ದೇವರಿಗೂ ನಡುವೆ ನಡೆದ ಹೋರಾಟಗಳೆಲ್ಲ ಅದರಲ್ಲಿವೆ, ಕುಗ್ಗಿದ ಯಾವುದಾದರೂ ಬಡಜೀವಕ್ಕೆ ಅದರಿಂದ ಉಪಯೋಗವಾದೀತು ಎನಿಸಿದರೆ ಅಚ್ಚು ಹಾಕಿಸಲಿ, ಇಲ್ಲವಾದರೆ ಸುಟ್ಟುಬಿಡಲಿ ಎಂಬುದು ಜೊತೆಗೆ ಕಳಿಸಿದ ಮಾತು.

ಮಾರ್ಚ್ 1ರಂದು ಆತ ತೀರಿಕೊಂಡ. ಫೆರಾರ್ ಸುಡಲಿಲ್ಲ. ಅದೇ ವರ್ಷ ಕೇಂಬ್ರಿಜ್‌ನಲ್ಲಿ ‘ದಿ ಟೆಂಪಲ್’ ಅಚ್ಚಾಯಿತು. ಬರೆದವನ ಹೆಸರು ಜಾರ್ಜ್ ಹರ್ಬರ್ಟ್. 1670ರಲ್ಲಿ ಆತನ ಜೀವನಚರಿತ್ರೆ ಬರೆದ ಐಸಾಕ್ ವಾಲ್ಟನ್, ಅಷ್ಟರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು ಎನ್ನುತ್ತಾನೆ. ಹಸ್ತಪ್ರತಿಯ ಈ ಕಥೆಯನ್ನು ನಮಗೆ ಉಳಿಸಿಕೊಟ್ಟವನೂ ಅವನೇ.

ಹದಿನೇಳನೆಯ ಶತಮಾನದ ಇಂಗ್ಲಿಷ್ ಭಕ್ತಿಕಾವ್ಯ ಎಂದೊಡನೆ ನೀತಿಬೋಧೆ, ಪಾಪದ ಭಯ, ದೇವರ ಹೊಗಳಿಕೆ ಇಷ್ಟೇ ಇರಬಹುದೆಂದು ಹಲವರು ದೂರ ಸರಿಯುತ್ತಾರೆ. ಹೊಗಳಿಕೆ ಇದೆ, ಭಯವೂ ಇದೆ. ಆದರೆ ಅದರ ಅತ್ಯುತ್ತಮ ಕವಿತೆಗಳನ್ನು ತೆರೆದರೆ ಮೊದಲು ಕಿವಿಗೆ ಬೀಳುವುದು ದೂರು. ಕೊಟ್ಟ ಮಾತಿಗೆ ದೇವರು ತಪ್ಪಿದ, ಕರೆದರೆ ಓಗೊಡಲಿಲ್ಲ, ದುಡಿದದ್ದಕ್ಕೆ ಫಲ ಕೊಡಲಿಲ್ಲ. ಈ ದೂರನ್ನು ಕವಿ ಮುಚ್ಚಿಡುವುದಿಲ್ಲ, ಕೊನೆಯಲ್ಲಿ ಸಮಾಧಾನ ಸಿಕ್ಕಿತೆಂದು ಅದನ್ನು ಅಳಿಸುವುದೂ ಇಲ್ಲ. ಆ ಕಾವ್ಯದ ನೈತಿಕ ಬಲ ಇರುವುದು ಇಲ್ಲಿಯೇ ಎಂದು ನಾನು ನಂಬುತ್ತೇನೆ. ದೇವರ ಮುಂದೆ ಸುಳ್ಳಾಡಬಾರದು ಎಂಬ ಒಂದೇ ನಿಯಮವನ್ನು ಆ ಕವಿಗಳು ಕಟ್ಟುನಿಟ್ಟಾಗಿ ಪಾಲಿಸಿದರು.

ದೂರಲು ಹರ್ಬರ್ಟ್‌ಗೆ ಕಾರಣಗಳಿದ್ದವು. ಹುಟ್ಟಿದ್ದು 1593ರಲ್ಲಿ, ವೇಲ್ಸ್‌ನ ಮಾಂಟ್‌ಗೊಮೆರಿಯ ಪ್ರತಿಷ್ಠಿತ ಮನೆತನದಲ್ಲಿ. ಮೂರು ವರ್ಷದವನಿದ್ದಾಗ ತಂದೆ ಹೋದರು. ತಾಯಿ ಮ್ಯಾಗ್ಡಲೆನ್ ಹತ್ತು ಮಕ್ಕಳನ್ನು ಬೆಳೆಸಿದ ಗಟ್ಟಿ ಹೆಂಗಸು. ಕವಿ ಜಾನ್ ಡನ್ ಆಕೆಯ ಸ್ನೇಹಿತ. 1627ರಲ್ಲಿ ಆಕೆ ತೀರಿಕೊಂಡಾಗ ಚೆಲ್ಸೀ ಚರ್ಚಿನಲ್ಲಿ ಸ್ಮರಣೆಯ ಉಪದೇಶ ಮಾಡಿದವನೂ ಡನ್‌ನೇ. ಹುಡುಗ ಜಾರ್ಜ್ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ, ನಂತರ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿ, 1620ರಲ್ಲಿ ವಿಶ್ವವಿದ್ಯಾಲಯದ ಅಧಿಕೃತ ಭಾಷಣಕಾರನಾದ. ದೊರೆಗಳಿಗೆ, ಗಣ್ಯರಿಗೆ ಲ್ಯಾಟಿನ್‌ನಲ್ಲಿ ಪತ್ರ ಬರೆಯುವುದು, ಅವರು ಬಂದಾಗ ಸ್ವಾಗತಿಸುವುದು ಆ ಹುದ್ದೆಯ ಕೆಲಸ. ಅಲ್ಲಿಂದ ಮುಂದಿನ ಮೆಟ್ಟಿಲು ಆಸ್ಥಾನ. 1624ರಲ್ಲಿ ಸಂಸತ್ತಿಗೂ ಹೋಗಿ ಬಂದ. ಅಷ್ಟರಲ್ಲಿ ಬೆನ್ನಿಗಿದ್ದ ಇಬ್ಬರು ಪ್ರಭುಗಳು ತೀರಿಕೊಂಡರು, 1625ರಲ್ಲಿ ದೊರೆ ಒಂದನೇ ಜೇಮ್ಸ್ ಕೂಡ. ದೇಹವೂ ಮೊದಲಿನಿಂದ ಕಾಯಿಲೆಯದು. 1630ರಲ್ಲಿ ಆತ ಬೆಮರ್ಟನ್‌ನ ಪಾದ್ರಿಯಾದ. ಉಳಿದದ್ದು ಮೂರು ವರ್ಷ.

‘ಅಫ್ಲಿಕ್ಷನ್’ ಎಂಬ ಒಂದೇ ಹೆಸರಿನಲ್ಲಿ ಆತನ ಐದು ಕವಿತೆಗಳಿವೆ. ಮೊದಲನೆಯದು ಇಡೀ ಬದುಕಿನ ಲೆಕ್ಕ. ಸೇವೆಗೆ ಸೇರಿದಾಗ ಎಲ್ಲವೂ ಸಿಹಿಯಾಗಿ ಕಂಡಿತು, ನಂತರ ಜ್ವರ, ಗೆಳೆಯರ ಸಾವು, ತನಗೆ ಒಗ್ಗದ ಓದಿನ ಬದುಕು. ಅಲ್ಲಿ ಕವಿ ಒಂದು ಆಸೆ ಹೇಳಿಕೊಳ್ಳುತ್ತಾನೆ: ತಾನು ಮರವಾಗಿದ್ದರಾದರೂ ಹಣ್ಣೋ ನೆರಳೋ ಕೊಡಬಹುದಿತ್ತು, ಯಾವುದಾದರೂ ಹಕ್ಕಿ ನಂಬಿ ಗೂಡು ಕಟ್ಟುತ್ತಿತ್ತು. ದೊಡ್ಡ ಓದು ಓದಿ ಯಾರಿಗೂ ಬೇಡವಾದೆನೆಂಬ ನೋವನ್ನು ಇಷ್ಟು ಮೆಲುದನಿಯಲ್ಲಿ ಹೇಳಿದ ಇನ್ನೊಂದು ಕವಿತೆ ನನಗೆ ನೆನಪಾಗುವುದಿಲ್ಲ.

‘ದಿ ಕಾಲರ್’ ಮೆಲುದನಿಯದಲ್ಲ. ಅದು ಮೇಜು ಗುದ್ದಿ ಶುರುವಾಗುವ ಕವಿತೆ. ಇನ್ನು ಸಾಕು, ಹೊರಟೆ, ದಾರಿ ತೆರೆದಿದೆ, ಬದುಕು ನನ್ನದು ಎಂದು ಪಾದ್ರಿ ಕೂಗಾಡುತ್ತಾನೆ. ನಿಟ್ಟುಸಿರು ಕಣ್ಣೀರುಗಳಲ್ಲಿ ಬೆಳೆ ಹಾಳಾಯಿತು, ಆದರೂ ಹಣ್ಣು ಇನ್ನೂ ಇದೆ, ಕೈಯೂ ಇದೆ, ಕಳೆದ ವಯಸ್ಸನ್ನು ಸುಖದಲ್ಲಿ ವಸೂಲು ಮಾಡಿಕೋ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಸಾಲುಗಳು ಉದ್ದಗಿಡ್ಡ, ಪ್ರಾಸಗಳು ಎಲ್ಲೆಲ್ಲೋ ಚದುರಿಹೋಗಿವೆ. ಸಿಟ್ಟು ಏರುತ್ತಾ ಏರುತ್ತಾ ಮೂವತ್ತೆರಡು ಸಾಲು ಮುಗಿದ ಮೇಲೆ, ಕೊನೆಯ ನಾಲ್ಕರಲ್ಲಿ ಪ್ರಾಸ ತಾನಾಗಿ ಸರಿಹೋಗುತ್ತದೆ. ಯಾರೋ ಮಗು ಎಂದು ಕರೆದಂತೆ ಅನಿಸುತ್ತದೆ, ಆತ ಓಗೊಡುತ್ತಾನೆ. ಅಷ್ಟೇ. ವಾದಕ್ಕೆ ಪ್ರತಿವಾದವಿಲ್ಲ, ಸಿಟ್ಟು ತಪ್ಪೆಂಬ ಬೋಧೆಯಿಲ್ಲ, ಕ್ಷಮೆ ಕೇಳುವುದೂ ಇಲ್ಲ. ಓದುಗನ ಕಿವಿಯಲ್ಲಿ ಆ ಕರೆಯಷ್ಟೇ ಗಟ್ಟಿಯಾಗಿ ಆ ಮೂವತ್ತೆರಡು ಸಾಲುಗಳೂ ಉಳಿಯುತ್ತವೆ.

ಆಕಾರದಲ್ಲೇ ಅರ್ಥ ಹೇಳುವುದು ಹರ್ಬರ್ಟ್‌ನ ಕೈಚಳಕ. ‘ಡಿನಾಯಲ್’ ಎಂಬುದು ಪ್ರಾರ್ಥನೆ ದೇವರ ಕಿವಿಗೆ ಬೀಳಲಿಲ್ಲವೆಂಬ ಕವಿತೆ. ಅದರ ಆರು ಚರಣಗಳಲ್ಲಿ ಮೊದಲ ಐದರ ಕಡೆಯ ಸಾಲಿಗೆ ಪ್ರಾಸವೇ ಇಲ್ಲ, ಶ್ರುತಿ ತಪ್ಪಿದ ತಂತಿಯ ಹಾಗೆ. ಆರನೆಯದರಲ್ಲಿ ಕವಿ ಶ್ರುತಿಗೂಡಿಸು ಎಂದು ಬೇಡುತ್ತಿರುವಾಗಲೇ ಪ್ರಾಸ ಕೂಡಿಬಿಡುತ್ತದೆ. ‘ಈಸ್ಟರ್ ವಿಂಗ್ಸ್’ನಲ್ಲಿ ಸಾಲುಗಳು ಕಿರಿದಾಗುತ್ತಾ ಹೋಗಿ ಮತ್ತೆ ಅಗಲವಾಗುತ್ತವೆ, ಹಳೆಯ ಮುದ್ರಣದಲ್ಲಿ ಪುಟ ಅಡ್ಡ ಹಿಡಿದರೆ ರೆಕ್ಕೆಗಳು ಕಾಣುತ್ತವೆ. ಇದನ್ನು ಬರೀ ಆಟವೆಂದು ಮುಂದಿನ ಶತಮಾನ ತಳ್ಳಿಹಾಕಿತು. 1779ರಲ್ಲಿ ವಿಮರ್ಶಕ ಡಾ. ಜಾನ್ಸನ್, ಡನ್ ಮತ್ತು ಆತನ ದಾರಿ ಹಿಡಿದವರನ್ನು, ಸಂಬಂಧವಿಲ್ಲದ್ದನ್ನು ಬಲವಂತವಾಗಿ ಕೂಡಿಸುವವರೆಂದು ಟೀಕಿಸಿದ. 1921ರಲ್ಲಿ ಟಿ.ಎಸ್. ಎಲಿಯಟ್ ಅವರ ಪರವಾಗಿ ಬರೆದ ಮೇಲೆ ಓದುಗರು ಮರಳಿ ಬಂದರು.

ಹಾಗೆಂದು ಹರ್ಬರ್ಟ್ ಬರೆದದ್ದೆಲ್ಲ ಚಿನ್ನವೇನಲ್ಲ. ‘ದಿ ಟೆಂಪಲ್’ನ ಬಾಗಿಲಲ್ಲೇ ‘ದಿ ಚರ್ಚ್ ಪೋರ್ಚ್’ ಎಂಬ ದೀರ್ಘ ಕವಿತೆಯಿದೆ, ಎಪ್ಪತ್ತೇಳು ಚರಣ. ಹೆಚ್ಚು ಕುಡಿಯಬೇಡ, ಸುಳ್ಳಾಡಬೇಡ, ಆಣೆ ಹಾಕಬೇಡ, ಜೂಜಾಡಬೇಡ, ಆದಾಯ ಮೀರಿ ಖರ್ಚು ಮಾಡಬೇಡ. ಎಲ್ಲವೂ ಸರಿಯಾದ ಮಾತೇ. ಸಾವಿರಕ್ಕೂ ಹೆಚ್ಚು ಗಾದೆಗಳನ್ನು ಕೂಡಿಟ್ಟಿದ್ದ ಕವಿಗೆ ಇಂಥ ಸಾಲು ಹೊಸೆಯುವುದು ಸುಲಭವೂ ಆಗಿತ್ತು. ಆದರೆ ಅಲ್ಲಿ ಮಾತಾಡುವವನಿಗೆ ಯಾವ ಕಷ್ಟವೂ ಇಲ್ಲ, ಹಾಗಾಗಿ ಕೇಳುವವನಿಗೆ ಯಾವ ಲಾಭವೂ ಇಲ್ಲ. ನೀತಿ ಹೇಳಲು ಕುಳಿತಾಗ ಸೋತ ಕವಿ ತನ್ನ ಸೋಲು ಹೇಳಿಕೊಂಡಾಗ ಗೆದ್ದ.

ಆತನ ನಡತೆಯನ್ನು ಆತನ ಗದ್ಯದಲ್ಲಿ ನೋಡಬೇಕು. ಹಳ್ಳಿಯ ಪಾದ್ರಿ ಹೇಗಿರಬೇಕೆಂದು ಬರೆದ ‘ದಿ ಕಂಟ್ರಿ ಪಾರ್ಸನ್’ ಆತ ಸತ್ತ ಎಷ್ಟೋ ವರ್ಷಕ್ಕೆ, 1652ರಲ್ಲಿ ಪ್ರಕಟವಾಯಿತು. ಪಾದ್ರಿಗೆ ಉಳುಮೆ ಮತ್ತು ದನಗಳ ಮೇವಿನ ಬಗ್ಗೆ ಗೊತ್ತಿರಬೇಕು, ಇಲ್ಲವಾದರೆ ರೈತರಿಗೆ ಅರ್ಥವಾಗುವಂತೆ ಹೇಳಲಾರ. ವಾರದ ದಿನಗಳಲ್ಲಿ ಮನೆಮನೆಗೆ ಹೋಗಬೇಕು. ತೀರಾ ಬಡವರ ಗುಡಿಸಲಿಗೆ ಬಗ್ಗಿ ನುಸುಳಬೇಕಾದರೂ, ಒಳಗೆ ಎಷ್ಟೇ ನಾತವಿದ್ದರೂ ಹಿಂಜರಿಯಬಾರದು. ವಾಲ್ಟನ್ ಒಂದು ಪ್ರಸಂಗ ಹೇಳುತ್ತಾನೆ. ಹರ್ಬರ್ಟ್ ವಾರಕ್ಕೆರಡು ಸಲ ಸಾಲ್ಸ್‌ಬರಿ ಕೆಥೆಡ್ರಲ್‌ಗೆ ನಡೆದುಹೋಗಿ ಸಂಗೀತ ಕೇಳುತ್ತಿದ್ದ, ಗೆಳೆಯರೊಡನೆ ಹಾಡಿ ನುಡಿಸುತ್ತಿದ್ದ. ಒಮ್ಮೆ ದಾರಿಯಲ್ಲಿ ಒಬ್ಬ ಬಡವನ ಕುದುರೆ ಹೊರೆ ಸಮೇತ ಬಿದ್ದಿತ್ತು. ಪಾದ್ರಿ ನಿಲುವಂಗಿ ಕಳಚಿಟ್ಟು ಹೊರೆ ಇಳಿಸಲು, ಮತ್ತೆ ಏರಿಸಲು ಕೈಕೊಟ್ಟ. ಮೈಯೆಲ್ಲ ಕೊಳೆಯಾಗಿ ಬಂದವನನ್ನು ಗೆಳೆಯರು ಆಕ್ಷೇಪಿಸಿದಾಗ, ಈ ನೆನಪು ನಡುರಾತ್ರಿಯಲ್ಲಿ ತನಗೆ ಸಂಗೀತವಾಗುತ್ತದೆ ಎಂದನಂತೆ.

1633ರಲ್ಲೇ ಡನ್‌ನ ಕವಿತೆಗಳೂ ಮೊದಲ ಬಾರಿಗೆ ಪುಸ್ತಕವಾಗಿ ಬಂದವು. ಆತ ಸತ್ತು ಎರಡು ವರ್ಷವಾಗಿತ್ತು. ಡನ್‌ನದು ಬೇರೆಯೇ ಜೀವ. ಕ್ಯಾಥೊಲಿಕರಾಗಿರುವುದು ಅಪಾಯವಾಗಿದ್ದ ಕಾಲದಲ್ಲಿ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದವನು. ಪಾದ್ರಿಯೊಬ್ಬನಿಗೆ ಆಶ್ರಯ ಕೊಟ್ಟನೆಂದು ಜೈಲಿಗೆ ಬಿದ್ದ ತಮ್ಮ ಹೆನ್ರಿ 1593ರಲ್ಲಿ ಅಲ್ಲೇ ಸತ್ತ. ಡನ್ ಮುಂದೆ ಆಂಗ್ಲಿಕನ್ ಸಭೆಗೆ ಸೇರಿದ, 1621ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಡೀನ್ ಆದ. ಅವನ ‘ಹೋಲಿ ಸಾನೆಟ್ಸ್’ ಓದುವಾಗ ಬೆವರುವ ಭಯ ತಟ್ಟುತ್ತದೆ. ಬಿಟ್ಟು ಬಂದ ಮತ, ಕಳೆದುಕೊಂಡ ತಮ್ಮ, ಇವೆರಡೂ ಆ ಭಯದ ಹಿಂದಿವೆ. ಒಂದು ಸುನೀತದಲ್ಲಿ ಆತ ತನ್ನನ್ನು ಶತ್ರು ಹಿಡಿದ ಪಟ್ಟಣಕ್ಕೆ ಹೋಲಿಸಿಕೊಂಡು, ತ್ರಿಯೇಕ ದೇವರೇ ಬಂದು ಗೋಡೆ ಒಡೆದು ತನ್ನನ್ನು ಗೆಲ್ಲಬೇಕೆಂದು ಬೇಡುತ್ತಾನೆ. ಮೃದುವಾಗಿ ತಟ್ಟಿದರೆ ಸಾಲದು ಎಂಬುದೇ ಅವನ ದೂರು. 1945ರ ಜುಲೈ 16ರಂದು ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ಮೊದಲ ಅಣುಬಾಂಬ್ ಪರೀಕ್ಷೆಗೆ ಟ್ರಿನಿಟಿ (ತ್ರಿಯೇಕ) ಎಂಬ ಹೆಸರು ಬಂದದ್ದು ಹೇಗೆಂದು ಕೇಳಿದಾಗ, ವಿಜ್ಞಾನಿ ರಾಬರ್ಟ್ ಓಪನ್‌ಹೈಮರ್ ಈ ಕವಿತೆಯನ್ನು ನೆನೆದ. ಆ ಸ್ಫೋಟದ ಜೊತೆ ಭಗವದ್ಗೀತೆಯ ಹೆಸರು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಡನ್‌ನ ಹೆಸರು ಅಷ್ಟು ಗೊತ್ತಿಲ್ಲ.

ದೇವರನ್ನು ಪ್ರಶ್ನಿಸಲು ಇವರಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು? ಬೈಬಲಿನ ಕೀರ್ತನೆಗಳಿಂದ ಎಂದು ತೋರುತ್ತದೆ. ಇಂಗ್ಲೆಂಡಿನ ಪ್ರಾರ್ಥನಾ ಪುಸ್ತಕ ನೂರೈವತ್ತು ಕೀರ್ತನೆಗಳನ್ನು ತಿಂಗಳ ದಿನಗಳಿಗೆ ಹಂಚಿಟ್ಟಿತ್ತು. ಪಾದ್ರಿಯಾದವನು ಪ್ರತಿ ತಿಂಗಳೂ ಅವನ್ನೆಲ್ಲ ಓದಿ ಮುಗಿಸಬೇಕು. ನನ್ನನ್ನು ಯಾಕೆ ಕೈಬಿಟ್ಟೆ, ಎಷ್ಟು ದಿನ ಮುಖ ಮರೆಸುವೆ ಎಂದು ದಾವೀದನೇ ಕೂಗಿದ ಮೇಲೆ ಹಳ್ಳಿಯ ಪಾದ್ರಿ ಕೂಗಬಾರದೇಕೆ? ದೂರಿಗೆ ಪ್ರಾರ್ಥನೆಯೊಳಗೇ ಜಾಗವಿತ್ತು.

ಅದೇ ಶತಮಾನದ ಕವಿ ಮಿಲ್ಟನ್ ಇವರ ಪಂಥದವನಲ್ಲ. ದೊರೆ ಚಾರ್ಲ್ಸ್‌ನ ತಲೆ ತೆಗೆದ ಪಕ್ಷದ ಪರ ಲೇಖನಿ ಹಿಡಿದವನು. 1652ರ ಹೊತ್ತಿಗೆ ಪೂರ್ತಿ ಕುರುಡನಾದ. ಆ ಬಗ್ಗೆ ಬರೆದ ಪ್ರಸಿದ್ಧ ಸುನೀತದಲ್ಲಿ ಆತನೂ ದೂರಿನಿಂದಲೇ ಹೊರಡುತ್ತಾನೆ: ಬೆಳಕನ್ನು ಕಿತ್ತುಕೊಂಡವನು ದಿನದ ಕೂಲಿಯ ಲೆಕ್ಕ ಕೇಳುತ್ತಾನೆಯೇ? ಒಡೆಯನೊಬ್ಬ ಆಳುಗಳಿಗೆ ಕೊಟ್ಟ ಹಣದ ಲೆಕ್ಕ ಕೇಳುವ, ಯೇಸು ಹೇಳಿದ ತಲಾಂತುಗಳ ಕಥೆ ಅದರ ಬೆನ್ನಿಗಿದೆ. ಉತ್ತರ ಕೊಡುವುದು ತಾಳ್ಮೆ, ಅದೂ ಕವಿತೆಯ ಅರ್ಧ ದಾರಿ ಮುಗಿದ ಮೇಲೆ. ರಾಜಕೀಯದಲ್ಲಿ ಎದುರಾಳಿಗಳಾಗುವವರು ದೇವರ ಮುಂದೆ ಒಂದೇ ರೀತಿಯಲ್ಲಿ ಮಾತಾಡಿದರು. ಹರ್ಬರ್ಟ್‌ನನ್ನು ಸೆರೆಯಲ್ಲಿದ್ದ ದೊರೆ ಚಾರ್ಲ್ಸ್ ಓದಿದ, ಪ್ಯೂರಿಟನ್ ಪಾದ್ರಿ ರಿಚರ್ಡ್ ಬ್ಯಾಕ್ಸ್‌ಟರ್ ಕೂಡ ಮೆಚ್ಚಿ ಓದಿದ. ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ ವೇಲ್ಸ್‌ನ ಅಸ್ಕ್ ನದಿಯ ದಡದಲ್ಲಿದ್ದ ಕವಿ ಹೆನ್ರಿ ವಾನ್ ಅಂತೂ ತಾನು ಬದಲಾದದ್ದೇ ಹರ್ಬರ್ಟ್‌ನಿಂದ ಎಂದು ಬರೆದುಕೊಂಡ.

ಆ ಸಾಲಿನ ಕೊನೆಯವನು ಹೆರಿಫರ್ಡ್‌ನ ಚಮ್ಮಾರನ ಮಗ ಥಾಮಸ್ ಟ್ರಾಹರ್ನ್. ಅವನ ಕವಿತೆಗಳ ಹಸ್ತಪ್ರತಿ ಇನ್ನೂರಕ್ಕೂ ಹೆಚ್ಚು ವರ್ಷ ಕತ್ತಲಲ್ಲಿದ್ದು, 1890ರ ದಶಕದಲ್ಲಿ ಲಂಡನ್ನಿನ ಹಳೆಪುಸ್ತಕದ ಅಂಗಡಿಯಲ್ಲಿ ಕೆಲವೇ ಪೆನ್ನಿಗೆ ಸಿಕ್ಕಿತು. ಮೊದಲು ವಾನ್‌ನದೆಂದೇ ತಿಳಿದಿದ್ದರು. 1903ರಲ್ಲಿ ಅಚ್ಚಾಯಿತು. ಇನ್ನೊಂದು ಹಸ್ತಪ್ರತಿಯನ್ನು 1967ರ ಸುಮಾರಿಗೆ ಉರಿಯುತ್ತಿದ್ದ ಕಸದ ರಾಶಿಯಿಂದ ಎಳೆದು ಉಳಿಸಿದರು. ಆತನಲ್ಲಿ ಜಗಳ ಕಡಿಮೆ, ಮಗುವಿನ ಬೆರಗು ಹೆಚ್ಚು. ಚೆಲುವಾದ ಬರಹ, ಆದರೆ ನಾನು ಮತ್ತೆ ಮತ್ತೆ ಹಿಂದಿರುಗುವುದು ಹರ್ಬರ್ಟ್‌ನ ಕಡೆಗೇ.

‘ದಿ ಟೆಂಪಲ್’ನ ನಡುಭಾಗವಾದ ‘ದಿ ಚರ್ಚ್’ ಮುಗಿಯುವುದು ‘ಲವ್’ ಎಂಬ ಹದಿನೆಂಟು ಸಾಲಿನ ಕವಿತೆಯಿಂದ. ಪ್ರೀತಿಯೇ ಮನೆಯೊಡೆಯ. ಬಾಗಿಲಿಗೆ ಬಂದ ಅತಿಥಿ ತನ್ನ ಮೈಮೇಲಿನ ಧೂಳು, ಪಾಪ ನೆನೆದು ಹಿಂಜರಿಯುತ್ತಾನೆ. ಒಡೆಯ ಗಮನಿಸಿ ಹತ್ತಿರ ಬಂದು ಏನು ಬೇಕೆಂದು ವಿಚಾರಿಸುತ್ತಾನೆ. ಈ ಮನೆಗೆ ತಕ್ಕ ಅತಿಥಿ ಬೇಕು, ನಾನು ಅವನಲ್ಲ ಎಂದು ಇವನು. ಒಂದರ ಮೇಲೊಂದು ನೆಪ ಹೇಳುತ್ತಾನೆ, ನಿಮ್ಮನ್ನು ನೋಡಲೂ ಯೋಗ್ಯತೆಯಿಲ್ಲ ಎನ್ನುತ್ತಾನೆ. ಒಡೆಯ ನಕ್ಕು ಕೈ ಹಿಡಿಯುತ್ತಾನೆ. ಕೊನೆಗೆ ಕುಳಿತುಕೊಳ್ಳುವ ಬದಲು ಬಡಿಸುವ ಕೆಲಸ ಮಾಡುತ್ತೇನೆ ಎಂದು ಪಟ್ಟು ಹಿಡಿದರೂ ಬಿಡುವುದಿಲ್ಲ. ಅತಿಥಿ ಕುಳಿತು ಊಟ ಮಾಡುತ್ತಾನೆ. ಚರ್ಚಿನ ‘ಕರ್ತನ ಭೋಜನ’ದ ವಿಧಿ ಅದರ ಹಿನ್ನೆಲೆ. ಆದರೆ ಕ್ರಿಸ್ತಮತ ಅರಿಯದವರಿಗೂ ಆ ಉಪಚಾರ ಅರ್ಥವಾಗುತ್ತದೆ. ಇಲ್ಲಿಯೂ ನಡೆಯುವುದು ವಾದವೇ. ಜಂಬದ ವಾದಗಳಲ್ಲೆಲ್ಲ ತೀರಾ ಸೂಕ್ಷ್ಮವಾದದ್ದು, ನನಗೆ ಯೋಗ್ಯತೆಯಿಲ್ಲ ಎಂಬ ವಾದ. ಪ್ರೀತಿ ಪಡೆಯುವುದು ಕೊಡುವುದಕ್ಕಿಂತ ಕಷ್ಟ ಎಂಬುದನ್ನು ಹರ್ಬರ್ಟ್ ಬಲ್ಲ.

ಫ್ರೆಂಚ್ ಚಿಂತಕಿ ಸಿಮೋನ್ ವೇಲ್ ಯಹೂದಿ ಮನೆತನದಲ್ಲಿ, ನಂಬಿಕೆಯ ಗೊಡವೆಯಿಲ್ಲದೆ ಬೆಳೆದವಳು. 1938ರ ಈಸ್ಟರ್ ಹೊತ್ತಿಗೆ ಸೊಲೆಮ್ ಮಠದಲ್ಲಿದ್ದಾಗ ಒಬ್ಬ ಇಂಗ್ಲಿಷ್ ಯುವಕನಿಂದ ಆಕೆಗೆ ಈ ಕವಿಗಳ ಪರಿಚಯವಾಯಿತು. ‘ಲವ್’ ಕಂಠಪಾಠ ಮಾಡಿಕೊಂಡು, ಭೀಕರ ತಲೆನೋವು ಬಂದಾಗಲೆಲ್ಲ ಹೇಳಿಕೊಳ್ಳುತ್ತಿದ್ದಳು. ಚೆಂದದ ಕವಿತೆಯೆಂದಷ್ಟೇ ತಿಳಿದಿದ್ದೆ, ಅದು ನನಗರಿವಿಲ್ಲದೆ ಪ್ರಾರ್ಥನೆಯಾಗಿತ್ತು ಎಂಬರ್ಥದಲ್ಲಿ ಮುಂದೆ ಬರೆದಳು. ಹರ್ಬರ್ಟ್ ಯಾವ ಕುಗ್ಗಿದ ಜೀವಕ್ಕಾಗಿ ಹಸ್ತಪ್ರತಿ ಕಳಿಸಿದನೋ ಅದು ಮುನ್ನೂರು ವರ್ಷ ದಾಟಿ, ಬೇರೆ ದೇಶದಲ್ಲಿ ಸಿಕ್ಕಿತು.

ಓದಬೇಕೆನಿಸಿದವರು ನೀತಿಯ ಎಪ್ಪತ್ತೇಳು ಚರಣಗಳನ್ನು ದಾಟಿ ‘ದಿ ಕಾಲರ್’ನಿಂದ ಶುರುಮಾಡಲಿ, ಗಟ್ಟಿಯಾಗಿ ಓದಲಿ, ನಂತರ ‘ಲವ್’ಗೆ ಬರಲಿ. ಎರಡೂ ಸೇರಿ ಐದು ನಿಮಿಷದ ಓದು, ಭಾಷೆಯೂ ಆ ಕಾಲಕ್ಕೆ ಸರಳವೇ. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸುವವರಲ್ಲೂ ಒಂದು ವಿನಂತಿ: ಡನ್‌ನ ಪ್ರೇಮಕವಿತೆಗಳಿಗೆ ಕೊಡುವ ಸಮಯದಲ್ಲಿ ಒಂದು ತರಗತಿಯನ್ನು ಈ ಎರಡು ಕವಿತೆಗಳಿಗೆ ಎತ್ತಿಡಿ.