ಅಮೆರಿಕ ಎಷ್ಟು ಗಂಟೆಯ ದಾರಿ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಿರಿಯರಿಗೆ ದೂರವೆಂದರೆ ಹೊತ್ತು. ‘ಒಪ್ಪೊತ್ತಿನ ಹಾದಿ’ ಎಂದರೆ ಸಾಕು, ಗಾಡಿ ಎಷ್ಟೊತ್ತಿಗೆ ಕಟ್ಟಬೇಕೆಂಬುದು ತಿಳಿಯುತ್ತಿತ್ತು. ಇಂದು ಈ ಭಾಗದ ಮಕ್ಕಳೂ ಕೆಲಸಕ್ಕೆಂದು ಅಮೆರಿಕ ಸೇರಿದ್ದಾರೆ. ಮನೆಯಲ್ಲಿ ಹಿರಿಯರು ತೀರಿಕೊಂಡರೆ ಮೊದಲು ಏಳುವ ಪ್ರಶ್ನೆ, ಮಗ ಮಣ್ಣಿಗೆ ಬರುತ್ತಾನೋ ಇಲ್ಲವೋ ಎಂಬುದು. ಇದಕ್ಕೆ ಉತ್ತರ ಕಿಲೋಮೀಟರಿನಲ್ಲಿಲ್ಲ, ಗಂಟೆಯಲ್ಲಿದೆ.

ಬೆಂಗಳೂರು ಮತ್ತು ಸ್ಯಾನ್‌ಫ್ರಾನ್ಸಿಸ್ಕೊ ನಡುವಿನ ನೇರ ಅಂತರ 13,993 ಕಿ.ಮೀ. ಎರಡೂ ಊರು ಭೂಗೋಳದ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ. ಗೋಡೆಯ ನಕಾಶೆಯಲ್ಲಿ ಎರಡನ್ನೂ ಕೂಡಿಸುವ ಗೆರೆ ಸಾಗರದ ಮೇಲೆ ಸಾಗುತ್ತದೆ. ಆದರೆ ಭೂಮಿ ಗುಂಡಗಿದೆ. ಗೋಳದ ಮೇಲೆ ದಾರ ಬಿಗಿಹಿಡಿದು ನೋಡಿದರೆ ಅದು ಚೀನಾ, ಸೈಬೀರಿಯಾ ದಾಟಿ ಆರ್ಕ್ಟಿಕ್ ವೃತ್ತದೊಳಗೆ ಹಾಯುತ್ತದೆ. ಅತಿ ಹತ್ತಿರದ ದಾರಿ ಅದೇ.

ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ಎರಡು ಊರುಗಳ ನಡುವೆ ನೇರ ಹಾರಾಟ ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲಿನಿಂದಲೇ ತಂದರು. ಅದು 9ರ ರಾತ್ರಿ ಅಲ್ಲಿಂದ ಹೊರಟು 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಲೆಂಡರಿನ ಲೆಕ್ಕಕ್ಕೆ ಇದು ಎರಡು ದಿನದ ಪಯಣ. ನಿಜಕ್ಕೆ ಹಾರಿದ್ದು ಸುಮಾರು 17 ಗಂಟೆ.

ಈ ಗೊಂದಲಕ್ಕೆ ಕಾರಣ ಗಡಿಯಾರ. ಚಳಿಗಾಲದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುವುದರಿಂದ ಹನ್ನೆರಡೂವರೆ. ಹೀಗಾಗಿ ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ ಎರಡೂವರೆಗೆ ಹೊರಟು 16 ಗಂಟೆ ಹಾರಿದವರು ಅದೇ ದಿನ ಸಂಜೆ ಐದಕ್ಕೆ ಅಲ್ಲಿ ಇಳಿಯುತ್ತಾರೆ! ಹೋಗುವ ಮತ್ತು ಬರುವ ಹೊತ್ತು ಬೇರೆಯಾಗಲು ಗಾಳಿಯೂ ಕಾರಣ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿ ಬೆನ್ನಿಗಿದ್ದರೆ ಹೊತ್ತು ಉಳಿಯುತ್ತದೆ, ಎದುರಾದರೆ ಹೆಚ್ಚುತ್ತದೆ.

ನಡುವೆ ಇಳಿದು ಬೇರೆ ವಿಮಾನ ಹತ್ತುವುದಾದರೆ ಪ್ರಯಾಣ 20 ಗಂಟೆ ಮೀರುತ್ತದೆ. ಅಷ್ಟಕ್ಕೂ ದಾರಿ ಮುಗಿಯುವುದಿಲ್ಲ. ಬೆಂಗಳೂರಿನಿಂದ ಆಳಂದ ಮತ್ತೆ 600 ಕಿ.ಮೀ. ಆಸುಪಾಸು, ಬಸ್ಸಿನಲ್ಲಿ ಒಂದಿಡೀ ರಾತ್ರಿ. 2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆದರೆ ಹೊತ್ತಿಗೆ ಸರಿಯಾಗಿ ವಿಮಾನ ಸಿಕ್ಕರೆ ಮಾತ್ರ ಅದರ ಪ್ರಯೋಜನ. ಈ ಮೂರೂ ತಾಲ್ಲೂಕುಗಳಿಗೆ ಬೆಂಗಳೂರಿಗಿಂತ ಹೈದರಾಬಾದೇ ಬಹಳ ಹತ್ತಿರ ಎಂಬುದನ್ನು ಟಿಕೆಟ್ ಕೊಳ್ಳುವಾಗ ನೆನಪಿಡುವುದು ಒಳ್ಳೆಯದು.

ಒಟ್ಟು ಲೆಕ್ಕ ಹಾಕಿದರೆ, ಸುದ್ದಿ ಮುಟ್ಟಿದ ಗಳಿಗೆಯೇ ಹೊರಟರೂ ಮಗ ಊರು ತಲುಪಲು ಒಂದೂವರೆ ದಿನವಾದರೂ ಬೇಕು. ಬೇಸಿಗೆಯ ಬಿಸಿಲಿನಲ್ಲಿ ಹೆಣ ಅಷ್ಟು ಹೊತ್ತು ಕಾಯಲಾರದು. ವಿಮಾನ ಬಂದು ಲೋಕ ಚಿಕ್ಕದಾಯಿತು ಎನ್ನುತ್ತೇವೆ. ಆದರೂ ‘ಎಷ್ಟೊತ್ತಿನ ಹಾದಿ’ ಎಂಬ ಹಿರಿಯರ ಪ್ರಶ್ನೆ ಇನ್ನೂ ಹಳೆಯದಾಗಿಲ್ಲ.