ನಮ್ಮ ಉಳಿತಾಯವು ಎಲ್ಲಿ ದುಡಿಯುತ್ತಿದೆ?

ಹಣವನ್ನು ಕೂಡಿಡುವ ಗೃಹಸ್ಥನು ಸಾಧಾರಣವಾಗಿ ಎರಡು ಪ್ರಶ್ನೆಗಳನ್ನು ಕೇಳುವನು: ಬಡ್ಡಿ ಎಷ್ಟು ಬರುವುದು, ಅಸಲು ಕ್ಷೇಮವಾಗಿರುವುದೆ ಎಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮಕ್ಕಳ ವಿದ್ಯೆಗೆ, ಮುಪ್ಪಿನ ಔಷಧಕ್ಕೆ ಎಂದು ಕಾಸಿಗೆ ಕಾಸು ಸೇರಿಸಿದವನು ಇವನ್ನು ಕೇಳದೆ ಹಣವನ್ನು ಕೈಬಿಟ್ಟರೆ ಅವನನ್ನು ಉದಾರಿ ಎನ್ನಲಾಗದು, ಅವಿವೇಕಿ ಎನ್ನಬೇಕಾದೀತು. ಆದರೆ ಬ್ಯಾಂಕಿನ ಕಿಟಕಿಯೊಳಗೆ ಹೋದ ಹಣವು ಅಲ್ಲಿಯ ಪೆಟ್ಟಿಗೆಯಲ್ಲಿ ಮಲಗಿರುವುದಿಲ್ಲ. ಅದು ಹೊರಟುಹೋಗಿ ಯಾರದೋ ಹೊಲದಲ್ಲಿ, ಯಾರದೋ ಮಗ್ಗದಲ್ಲಿ, ಇಲ್ಲವೆ ಯಾರದೋ ಸಾರಾಯಿಯ ಭಟ್ಟಿಯಲ್ಲಿ ದುಡಿಯತೊಡಗುವುದು. ಅಲ್ಲಿ ಅದು ಒಬ್ಬನ ಮನೆಗೆ ದೀಪವನ್ನು ತರುತ್ತಿದೆಯೋ, ಇನ್ನೊಬ್ಬನ ಬಾವಿಯ ನೀರನ್ನು ಕೆಡಿಸುತ್ತಿದೆಯೋ ಎಂಬ ಮೂರನೆಯ ಪ್ರಶ್ನೆಯನ್ನು ನಾವು ಕೇಳುವುದಿಲ್ಲ. ಬಡ್ಡಿಯು ಕೈಗೆ ಬಂದರೆ ಸಾಕು, ಅದು ಹುಟ್ಟಿದ ಊರು ಯಾವುದೆಂದು ವಿಚಾರಿಸುವ ಪದ್ಧತಿ ನಮ್ಮಲ್ಲಿ ಕಡಮೆ.

ಈ ಮೂರನೆಯ ಪ್ರಶ್ನೆಯನ್ನು ಕೇಳಿದವರು ಹಿಂದೆ ಇರಲಿಲ್ಲವೆಂದಲ್ಲ. 1758ರಲ್ಲಿ ಅಮೆರಿಕೆಯ ಫಿಲಡೆಲ್ಫಿಯ ನಗರದಲ್ಲಿ ಸೇರಿದ ಕ್ವೇಕರ್ ಪಂಥದವರು, ಮನುಷ್ಯರನ್ನು ಕೊಂಡು ಮಾರುವವರು ತಮ್ಮ ಸಭೆಯ ಆಡಳಿತದಲ್ಲಿ ಪಾಲುಗೊಳ್ಳಬಾರದೆಂದು ನಿಶ್ಚಯಿಸಿದರು. ಗುಲಾಮರ ವ್ಯಾಪಾರದಷ್ಟು ಲಾಭಕರವಾದ ಉದ್ಯಮಗಳು ಆ ಕಾಲದಲ್ಲಿ ಹೆಚ್ಚಾಗಿ ಇರಲಿಲ್ಲವೆಂಬುದನ್ನು ನೆನೆದರೆ ಈ ನಿಶ್ಚಯದ ಬೆಲೆ ತಿಳಿಯುವುದು. ವಿಯಟ್ನಾಮಿನ ಯುದ್ಧವು ನಡೆಯುತ್ತಿದ್ದಾಗ, 1971ರಲ್ಲಿ, ಅದೇ ದೇಶದಲ್ಲಿ ‘ಪ್ಯಾಕ್ಸ್ ವರ್ಲ್ಡ್’ ಎಂಬ ಹೂಡಿಕೆಯ ನಿಧಿಯೊಂದು ಹುಟ್ಟಿತು. ಶಸ್ತ್ರಾಸ್ತ್ರಗಳನ್ನು ಮಾಡುವ ಕಂಪನಿಗಳಿಗೆ ತನ್ನ ಹಣವು ಹೋಗದಂತೆ ನೋಡಿಕೊಳ್ಳುವುದು ಅದರ ಸಂಕಲ್ಪವಾಗಿದ್ದಿತು. ಮುಂದೆ 1980ರ ದಶಕದಲ್ಲಿ ದಕ್ಷಿಣ ಆಫ್ರಿಕದ ವರ್ಣಭೇದನೀತಿಯನ್ನು ವಿರೋಧಿಸಿ ಎಷ್ಟೋ ವಿಶ್ವವಿದ್ಯಾನಿಲಯಗಳೂ ನಗರಸಭೆಗಳೂ ಅಲ್ಲಿ ವ್ಯವಹರಿಸುತ್ತಿದ್ದ ಕಂಪನಿಗಳಿಂದ ತಮ್ಮ ಹಣವನ್ನು ಹಿಂತೆಗೆದುಕೊಂಡವು.

ಇವೆಲ್ಲ ‘ಬೇಡ’ ಎನ್ನುವ ಬಗೆ. ಕೆಟ್ಟ ಕೆಲಸಕ್ಕೆ ಹಣ ಕೊಡೆವು ಎನ್ನುವುದು ಒಂದು ಮಾತು. ಒಳ್ಳೆಯ ಕೆಲಸವನ್ನು ಹುಡುಕಿ ಅಲ್ಲಿಯೇ ಹಣವಿಡುವೆವು, ಅಸಲನ್ನೂ ಅಷ್ಟಿಷ್ಟು ಲಾಭವನ್ನೂ ಪಡೆಯುವೆವು, ಆದ ಒಳಿತನ್ನು ಅಳೆದು ಲೆಕ್ಕ ಕೇಳುವೆವು ಎನ್ನುವುದು ಇನ್ನೊಂದು ಮಾತು. ಈ ಎರಡನೆಯದಕ್ಕೆ 2007ರಲ್ಲಿ, ಇಟಲಿಯ ಬೆಲ್ಲಾಜಿಯೊ ಎಂಬಲ್ಲಿ ರಾಕ್‌ಫೆಲರ್ ಪ್ರತಿಷ್ಠಾನವು ಸೇರಿಸಿದ ಸಭೆಯಲ್ಲಿ ‘ಇಂಪ್ಯಾಕ್ಟ್ ಇನ್ವೆಸ್ಟಿಂಗ್’ ಎಂಬ ಹೆಸರು ಹುಟ್ಟಿತು. ಪರಿಣಾಮವನ್ನು ನೋಡಿ ಮಾಡುವ ಹೂಡಿಕೆ ಎಂದು ಕನ್ನಡದಲ್ಲಿ ಹೇಳಬಹುದು. ಹೆಸರು ಹೊಸದು, ಕೆಲಸ ಹೊಸದಲ್ಲ. ಕನ್ನಡನಾಡಿನವರಾದ ನಾವು ಅದನ್ನು ಕಲಿಯಲು ಇಟಲಿಯವರೆಗೆ ಹೋಗಬೇಕಾಗಿಯೂ ಇಲ್ಲ.

ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿಕರ ಪತ್ತಿನ ಸಹಕಾರ ಸಂಘವು ಸ್ಥಾಪಿತವಾಯಿತು. ಊರಿನವರ ಹಣ ಊರಿನ ರೈತನಿಗೇ ಸಾಲವಾಗಿ ಹೋಗುವುದು, ಅವನು ತೀರಿಸಿದಾಗ ಮತ್ತೊಬ್ಬನಿಗೆ ಹೋಗುವುದು. ಹಣವೆಲ್ಲಿದೆಯೆಂದು ತಿಳಿಯಬೇಕಾದರೆ ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಸಾಕಾಗಿತ್ತು. ಮರುವರ್ಷ, 1906ರಲ್ಲಿ, ಮಂಗಳೂರಿನ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದರು; ಇಂದಿನ ಕೆನರಾ ಬ್ಯಾಂಕಿನ ಮೂಲವದು. ಆ ಸಂಸ್ಥೆಯ ಮೂಲತತ್ತ್ವಗಳಲ್ಲಿ ಮೌಢ್ಯವನ್ನು ಕಳೆಯುವುದು, ವಿದ್ಯೆಯನ್ನು ಹರಡುವುದು, ಕಷ್ಟದಲ್ಲಿರುವವರಿಗೆ ನೆರವಾಗುವುದು ಮೊದಲಾದವು ಸೇರಿದ್ದುವು.

ಆದರೆ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದುದು ಉಡುಪಿಯ ಕಥೆ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಈ ಮೂವರು 8,000 ರೂಪಾಯಿಗಳ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ತೆರೆದರು. ಕೈಮಗ್ಗದ ಉದ್ಯಮವು ಕುಸಿದು ಕಷ್ಟಕ್ಕೆ ಬಿದ್ದಿದ್ದ ನೇಕಾರರಿಗೆ ಸಹಾಯಮಾಡುವುದು ಅದರ ಮೊದಲ ಉದ್ದೇಶ. ಸಾಲ ಕೊಡುವುದಕ್ಕೆ ಹಣ ಬೇಕಷ್ಟೆ, ಬಡವರಲ್ಲಿ ಹಣವೆಲ್ಲಿ? 1928ರಲ್ಲಿ ಅವರು ಕಂಡುಕೊಂಡ ಉಪಾಯವೇ ಪಿಗ್ಮಿ ಠೇವಣಿ. ಬ್ಯಾಂಕಿನ ಮನುಷ್ಯನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪಮೊತ್ತವನ್ನಾದರೂ ಪಡೆದು ಬರೆದುಕೊಂಡು ಹೋಗುವನು. ತಿಂಗಳ ಕೊನೆಗೆ ನಾಲ್ಕು ರೂಪಾಯಿ ತಂದುಕಟ್ಟು ಎಂದರೆ ಮೀನು ಮಾರುವವಳಿಗೆ ಅದು ಆಗದ ಮಾತು. ದಿನಕ್ಕೆ ಎರಡಾಣೆ ಎಂದರೆ ಆಗುವ ಮಾತು. ಆ ಎರಡಾಣೆಗಳೇ ಸೇರಿ ಸೇರಿ, ಅವಳಂಥವರಿಗೇ ಬಂಡವಾಳವಾಗಿ ಒದಗಬಹುದಾದ ಮೊತ್ತವಾಗುವುವು. ಆ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕೆಂಬ ಹೆಸರು ಪಡೆದು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ‘ಪಿಗ್ಮಿ ಕಟ್ಟುವುದು’ ಎಂಬ ಮಾತು ಮಾತ್ರ ನಮ್ಮ ಅಂಗಡಿಬೀದಿಗಳಲ್ಲಿ ಉಳಿದಿದೆ.

ಇದೇ ತತ್ತ್ವವು ಎಪ್ಪತ್ತು ವರ್ಷಗಳ ಬಳಿಕ ಇನ್ನೊಂದು ರೂಪದಲ್ಲಿ ಕಾಣಿಸಿತು. 1995ರಲ್ಲಿ ಹರೀಶ್ ಹಂದೆಯವರು ಸೆಲ್ಕೊ ಎಂಬ ಸೌರದೀಪದ ಸಂಸ್ಥೆಯನ್ನು ಕಟ್ಟಿ, ವಿದ್ಯುತ್ತಿಲ್ಲದ ಹಳ್ಳಿಗಳಿಗೆ ದೀಪವನ್ನು ಮಾರಹೊರಟರು. ಬಡವರಿಗೆ ದೀಪವನ್ನು ಧರ್ಮಕ್ಕೆ ಕೊಡಬೇಕೆಂದು ಹೇಳುವವರು ಬಹುಮಂದಿ. ಬ್ಯಾಂಕುಗಳಿಂದ ಸಾಲ ಕೊಡಿಸಿ ಮಾರಬಹುದೆಂಬುದು ಇವರ ವಾದ. ಸೀಮೆಎಣ್ಣೆಗೆ ಹೋಗುತ್ತಿದ್ದ ಹಣವೇ ಕಂತಾಗಿ ಹಿಂದಿರುಗುವುದು. ತಿಂಗಳಿಗೆ ಮುನ್ನೂರು ರೂಪಾಯಿ ಎಂದರೆ ದುಬಾರಿ, ದಿನಕ್ಕೆ ಹತ್ತು ರೂಪಾಯಿ ಎಂದರೆ ಸರಿ ಎಂದು ಬೀದಿಬದಿಯ ವ್ಯಾಪಾರಿಯೊಬ್ಬಳು ತಮಗೆ ಪಾಠ ಹೇಳಿಕೊಟ್ಟಳೆಂದು ಅವರು ಸಭೆಗಳಲ್ಲಿ ಹೇಳುವುದುಂಟು. ಲೆಕ್ಕದಲ್ಲಿ ಎರಡೂ ಒಂದೇ, ಬಾಳಿನಲ್ಲಿ ಒಂದಲ್ಲ. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ದೊರೆಯಿತು.

ಇಷ್ಟನ್ನು ಓದಿದ ವಾಚಕರು, ಬಡವರಿಗೆ ಸಾಲ ಕೊಡುವ ಯಾವ ಸಂಸ್ಥೆಯಲ್ಲಾದರೂ ಹಣವಿಟ್ಟರೆ ಪುಣ್ಯವೂ ಲಾಭವೂ ಒಟ್ಟಿಗೇ ಬರುವುದೆಂದು ತಿಳಿದಾರು. ಹಾಗೆ ತಿಳಿದೇ ದೇಶವಿದೇಶಗಳ ಹೂಡಿಕೆದಾರರು 2000ದ ಅನಂತರದ ದಶಕದಲ್ಲಿ ಆಂಧ್ರಪ್ರದೇಶದ ಕಿರುಸಾಲದ ಕಂಪನಿಗಳಿಗೆ ಹಣವನ್ನು ಸುರಿದರು. 2010ರ ಆಗಸ್ಟ್‌ನಲ್ಲಿ ಅಂಥ ಕಂಪನಿಯೊಂದರ ಷೇರುಗಳು ಮಾರಾಟಕ್ಕೆ ಬಂದಾಗ ಇದ್ದುದಕ್ಕಿಂತ ಹಲವು ಪಾಲು ಹೆಚ್ಚು ಬೇಡಿಕೆ ಬಂದಿತು. ಅದೇ ಅಕ್ಟೋಬರ್‌ನಲ್ಲಿ, ಸಾಲಗಾರರ ಆತ್ಮಹತ್ಯೆಗಳ ಸುದ್ದಿಯು ಊರೂರಿಂದ ಬರುತ್ತಿರಲು, ಆಂಧ್ರದ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಒಬ್ಬಳೇ ಹೆಂಗಸಿಗೆ ನಾಲ್ಕಾರು ಕಂಪನಿಗಳು ಸಾಲ ಕೊಟ್ಟಿದ್ದುವು; ಒಂದರ ಕಂತಿಗಾಗಿ ಇನ್ನೊಂದರಲ್ಲಿ ಸಾಲ ಮಾಡುವುದು ನಡೆದಿತ್ತು. ಎಷ್ಟು ಜನಕ್ಕೆ ಸಾಲ ಮುಟ್ಟಿತು, ಎಷ್ಟು ವಸೂಲಾಯಿತು ಎಂಬ ಲೆಕ್ಕ ಹೂಡಿಕೆದಾರರ ಮೇಜಿನ ಮೇಲಿತ್ತು. ಸಾಲ ಪಡೆದ ಮನೆಯಲ್ಲಿ ಒಲೆ ಹೊತ್ತಿತೆ ಎಂಬ ಲೆಕ್ಕವನ್ನು ಕೇಳಿದವರು ವಿರಳ. ನಮ್ಮ ರಾಜ್ಯದಲ್ಲಿಯೂ ಬಲವಂತದ ವಸೂಲಿಯ ದೂರುಗಳು ಹೆಚ್ಚಿ, 2025ರ ಫೆಬ್ರವರಿಯಲ್ಲಿ ಅಂಥದೇ ಸುಗ್ರೀವಾಜ್ಞೆಯು ಬಂದಿತು. ಇದಕ್ಕೂ ಮೊದಲು, 2022ರಲ್ಲಿ, ಕಿರುಸಾಲ ಪಡೆದ ಕುಟುಂಬದ ಎಲ್ಲ ಕಂತುಗಳೂ ಸೇರಿ ಅದರ ತಿಂಗಳ ಆದಾಯದ ಅರ್ಧವನ್ನು ಮೀರಕೂಡದೆಂದು ರಿಸರ್ವ್ ಬ್ಯಾಂಕು ವಿಧಿಸಿತ್ತು. ಉಡುಪಿಯ ಎರಡಾಣೆಗೂ ಈ ಸಾಲಕ್ಕೂ ಇರುವ ಅಂತರವೆಂದರೆ, ಅಲ್ಲಿ ಬಾಗಿಲಿಗೆ ಬಂದವನು ಉಳಿತಾಯವನ್ನು ಬರೆದುಕೊಳ್ಳಲು ಬಂದವನು; ಇಲ್ಲಿ ಬಂದವನು ಕಂತನ್ನು ಕಸಿದುಕೊಳ್ಳಲು.

ಆದುದರಿಂದ ‘ಸಾಮಾಜಿಕ’ ‘ಹಸಿರು’ ಎಂಬ ಹಣೆಪಟ್ಟಿಗಳನ್ನು ಕಂಡ ಕೂಡಲೆ ಮನಸ್ಸು ಕರಗಬೇಕಾಗಿಲ್ಲ. ಈ ವಿಷಯದಲ್ಲಿ ತಾನು ಹೇಳಿಕೊಂಡಂತೆ ನಡೆಯಲಿಲ್ಲವೆಂದು ಜರ್ಮನಿಯ ಹೆಸರಾಂತ ನಿಧಿಸಂಸ್ಥೆಯೊಂದರ ಅಮೆರಿಕೆಯ ಶಾಖೆಯು 2023ರಲ್ಲಿ 1.9 ಕೋಟಿ ಡಾಲರ್ ದಂಡ ತೆರಲು ಒಪ್ಪಬೇಕಾಯಿತು. ನಮ್ಮಲ್ಲಿ ಷೇರುಪೇಟೆಯ ಅತಿ ದೊಡ್ಡ 1,000 ಕಂಪನಿಗಳು ಪರಿಸರ, ಕಾರ್ಮಿಕರು ಮೊದಲಾದ ವಿಷಯಗಳಲ್ಲಿ ತಮ್ಮ ನಡವಳಿಕೆಯನ್ನು ವರ್ಷವರ್ಷವೂ ವರದಿಮಾಡಬೇಕೆಂದು ಸೆಬಿಯು ಕಟ್ಟಳೆ ಮಾಡಿದೆ. ವರದಿಗಳು ಉದ್ದವಾಗಿವೆ, ಓದುವವರು ಎಷ್ಟು ಜನರೋ.

ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಎಂಬ ಹೊಸ ಏರ್ಪಾಡೊಂದು ಮಾತ್ರ ಗೃಹಸ್ಥರ ಗಮನಕ್ಕೆ ಯೋಗ್ಯವಾಗಿದೆ. 2019ರ ಮುಂಗಡಪತ್ರದಲ್ಲಿ ಇದರ ಮಾತು ಬಂದು, 2022ರಲ್ಲಿ ಸೆಬಿಯ ನಿಯಮಗಳಾದುವು. ಸಮಾಜಸೇವೆಯ ಸಂಸ್ಥೆಗಳು ಇಲ್ಲಿ ನೋಂದಾಯಿಸಿಕೊಂಡು ಜನರಿಂದ ಹಣವೆತ್ತಬಹುದು. 2023ರ ಡಿಸೆಂಬರ್‌ನಲ್ಲಿ ಮೊದಲು ಪಟ್ಟಿಯಾದುದು ಯುವಕಯುವತಿಯರಿಗೆ ಉದ್ಯೋಗದ ತರಬೇತಿ ಕೊಡುವ ಬೆಂಗಳೂರಿನ ಉನ್ನತಿ ಸಂಸ್ಥೆ. ಅಲ್ಲಿ ಲಾಭಾಪೇಕ್ಷೆಯಿಲ್ಲದ ಸಂಸ್ಥೆಗಳು ಹೊರಡಿಸುವ ಪತ್ರವು ವಿಚಿತ್ರವಾದುದು: ಅದಕ್ಕೆ ಬಡ್ಡಿಯೂ ಇಲ್ಲ, ಅಸಲೂ ಹಿಂದಕ್ಕೆ ಬಾರದು! ಹಾಗಾದರೆ ಇದು ದಾನವೇ ಅಲ್ಲವೆ ಎಂದರೆ, ಹೌದು, ದಾನವೇ. ಆದರೆ ಲೆಕ್ಕವಿರುವ ದಾನ. ಹಣ ಪಡೆದ ಸಂಸ್ಥೆಯು ಅದರಿಂದ ಏನಾಯಿತೆಂಬುದನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು, ಆ ಹೇಳಿಕೆಯನ್ನು ಹೊರಗಿನವರು ಪರಿಶೀಲಿಸಬೇಕು. ಹುಂಡಿಗೆ ಹಾಕಿದ ಹಣದ ಬಗ್ಗೆ ಇಷ್ಟನ್ನು ಯಾರೂ ನಮಗೆ ಹೇಳುವುದಿಲ್ಲ. ಮೊದಲು 2 ಲಕ್ಷ ರೂಪಾಯಿಗಳಿಗೆ ಕಡಮೆಯಿಲ್ಲದೆ ಹಾಕಬೇಕಾಗಿದ್ದುದು 2023ರಲ್ಲಿ 10,000ಕ್ಕೂ 2025ರಲ್ಲಿ 1,000ಕ್ಕೂ ಇಳಿದಿದೆ. ಇದರಲ್ಲಿ ಮುಪ್ಪಿನ ಗಂಟನ್ನು ಇಡತಕ್ಕುದಲ್ಲ. ದಾನಕ್ಕೆಂದು ತೆಗೆದಿಟ್ಟುದನ್ನು ಮಾತ್ರ.

ಮುಪ್ಪಿನ ಗಂಟಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಗಳವರೆಗೆ ವಿಮೆಯ ರಕ್ಷಣೆ 2020ರಿಂದ ಇದೆ. ಬೀದಿಯ ಪತ್ತಿನ ಸಹಕಾರ ಸಂಘಕ್ಕೆ ಆ ವಿಮೆಯಿಲ್ಲ. ಹೆಸರಿನಲ್ಲಿ ‘ಸಹಕಾರ’ವಿದೆಯೆಂದೂ ಅಧ್ಯಕ್ಷರು ಸಜ್ಜನರೆಂದೂ ಒಂದೂವರೆ ಬಡ್ಡಿಯ ಆಸೆಗೆ ಇದ್ದುದೆಲ್ಲವನ್ನೂ ಅಲ್ಲಿಡುವುದು ತರವಲ್ಲ. ಹಾಗೆಂದು ಅದನ್ನು ದೂರಮಾಡಬೇಕಾಗಿಯೂ ಇಲ್ಲ. ಏಕೆಂದರೆ ದೊಡ್ಡ ಬ್ಯಾಂಕಿನಲ್ಲಿ ನಮ್ಮ ಹಣವೆಲ್ಲಿ ಹೋಯಿತೆಂದು ಕೇಳಲು ನಮಗೆ ಬಾಯಿಲ್ಲ, ಸಂಘದ ಸದಸ್ಯನಿಗೆ ಬಾಯಿಯೂ ಇದೆ, ಮತವೂ ಇದೆ. ವರ್ಷಕ್ಕೊಮ್ಮೆ ಮಹಾಸಭೆ ಸೇರುವುದು, ಅಚ್ಚಾದ ವರದಿಯನ್ನು ಹಂಚುವರು. ಬಹುಮಂದಿ ಲಾಭಾಂಶದ ಸಾಲನ್ನು ಬೆರಳಿಟ್ಟು ನೋಡಿ, ಉಪ್ಪಿಟ್ಟು ಕಾಫಿಗಳನ್ನು ಮುಗಿಸಿ ಎದ್ದುಹೋಗುವರು. ಅದೇ ವರದಿಯಲ್ಲಿ ಸಾಲಗಳ ವಿವರದ ಪುಟವೂ ಒಂದಿರುವುದು. ಬೇಸಾಯಕ್ಕೆಷ್ಟು, ಮನೆಗೆಷ್ಟು, ಚಿನ್ನದ ಮೇಲೆಷ್ಟು, ಆಡಳಿತ ಮಂಡಳಿಯವರ ನಂಟರಿಗೆಷ್ಟು, ಬಾಕಿ ನಿಂತುದೆಷ್ಟು ಎಂಬುದನ್ನು ಕಾರ್ಯದರ್ಶಿಗಳು ಗಟ್ಟಿಯಾಗಿ ಓದಿಹೇಳಬೇಕೆಂದು ಮುಂದಿನ ಸಭೆಯಲ್ಲಿ ಸದಸ್ಯರಲ್ಲಿ ಯಾರಾದರೊಬ್ಬರು ಎದ್ದುನಿಂತು ಕೇಳಬಹುದು.