ಬ್ಯಾರಲ್‌ಗೆ ಪೈಪು ಬಿಟ್ಟು ಬಾಯಿಂದ ಜಗ್ಗಬ್ಯಾಡ್ರಿ: ಡೀಸೆಲ್‌ಗೆ ಒಂದು ಪಂಪ್, ಆ್ಯಸಿಡ್‌ಗೆ ಇನ್ನೊಂದು

ಇಂಡಿ: ಇನ್ನೂರು ಲೀಟರ್ ಬ್ಯಾರಲ್‌ಗೆ ಒಂದು ಪೈಪು ಇಳಿಬಿಡುವುದು, ಇನ್ನೊಂದು ತುದಿ ಬಾಯಿಗಿಟ್ಟು ಜಗ್ಗುವುದು, ಡೀಸೆಲ್ ನಾಲಿಗೆಗೆ ತಾಗುವಷ್ಟರಲ್ಲಿ ಪೈಪನ್ನು ಕ್ಯಾನಿಗೆ ಬಿಡುವುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಕಡೆ ಹೋದರೂ ಟ್ರ್ಯಾಕ್ಟರ್ ಇಲ್ಲವೇ ಜೆಸಿಬಿ ಇದ್ದ ಮನೆಯ ಹುಡುಗರಿಗೆ ಈ ವಿದ್ಯೆ ಗೊತ್ತು. "ಒಂದೆರಡು ಹನಿ ಹೋದ್ರ ಏನಾಗ್ತದ್ರಿ, ಉಗುಳಿ ನೀರು ಕುಡುದ್ರ ಆತು" ಅನ್ನೋದು ನಮ್ಮ ಕಡೆ ಮಾಮೂಲಿ ಮಾತು.

ಆಗುವುದು ಏನೆಂದರೆ, ಡೀಸೆಲ್ ಹೊಟ್ಟೆಗೆ ಹೋಗುವುದಕ್ಕಿಂತ ಶ್ವಾಸಕೋಶಕ್ಕೆ ಹೋಗುವುದು ಹೆಚ್ಚು ಅಪಾಯ. ಜಗ್ಗುವಾಗ ಕೆಮ್ಮು ಬಂದರೆ ಸಾಕು, ಸ್ವಲ್ಪ ಡೀಸೆಲ್ ಉಸಿರಿನ ಜೊತೆ ಒಳಗೆ ಇಳಿಯುತ್ತದೆ. ತೆಳ್ಳಗಿನ ಎಣ್ಣೆಯಾದ್ದರಿಂದ ಅದು ಶ್ವಾಸಕೋಶದಲ್ಲಿ ಬೇಗ ಹರಡಿ ನ್ಯುಮೋನಿಯಾದಂಥ ಉರಿಯೂತ ತರುತ್ತದೆ. ಆಗ ಆರಾಮ ಅನ್ನಿಸಿದರೂ ಕೆಲವು ತಾಸಿನ ಮೇಲೆ ಜ್ವರ, ಏದುಸಿರು ಶುರುವಾಗಬಹುದು. ಹಂಗಾದಾಗ ಮನೆಯವರು ಉಪ್ಪಿನ ನೀರು ಕುಡಿಸಿ ವಾಂತಿ ಮಾಡಿಸಲು ನೋಡ್ತಾರೆ. ಅದನ್ನು ಮಾಡಲೇಬಾರದು. ವಾಂತಿಯಾದರೆ ಡೀಸೆಲ್ ಎರಡನೇ ಸಲ ಶ್ವಾಸನಾಳದ ಬಾಗಿಲಿಗೆ ಬರುತ್ತದೆ. 108ಕ್ಕೆ ಫೋನ್ ಮಾಡಿ ದವಾಖಾನೆಗೆ ಒಯ್ಯುವುದೊಂದೇ ದಾರಿ.

ಇದೇ ಪೈಪಿನ ವಿದ್ಯೆಯನ್ನು ಈಗ ಆ್ಯಸಿಡ್ ಕ್ಯಾನಿಗೂ ಹಚ್ಚುವುದು ಕಾಣುತ್ತಿದೆ. ದ್ರಾಕ್ಷಿ, ನಿಂಬೆ, ದಾಳಿಂಬೆ ತೋಟಗಳಿಗೆ ಡ್ರಿಪ್ ಬಂದ ಮೇಲೆ ಆ್ಯಸಿಡ್ ತೋಟದ ಶೆಡ್ಡಿನ ಸಾಮಾನೇ ಆಗಿದೆ. ನಮ್ಮ ಬೋರ್‌ವೆಲ್ ನೀರು ಬಹಳ ಕಡೆ ಸವಳು, ಗಡಸು. ಡ್ರಿಪ್ಪರ್ ಬಾಯಿಗೆ ಬಿಳಿ ಸುಣ್ಣ ಕಟ್ಟಿಕೊಳ್ಳುತ್ತದೆ. ಅದನ್ನು ಕರಗಿಸಲು ಹೈಡ್ರೋಕ್ಲೋರಿಕ್, ಫಾಸ್ಫರಿಕ್ ಇಲ್ಲವೇ ಸಲ್ಫ್ಯೂರಿಕ್ ಆ್ಯಸಿಡ್ ಬಿಡುತ್ತಾರೆ. ಕೆಲಸಕ್ಕೆ ಬೇಕಾಗುವುದು ಕೆಲವೇ ಲೀಟರ್. ಆದರೆ 35 ಲೀಟರ್ ಕ್ಯಾನನ್ನು ಎತ್ತಿ ಬಕೆಟ್‌ಗೆ ಬಗ್ಗಿಸುವಾಗಲೇ ಅನಾಹುತ. ಗಟ್ಟಿ ಸಲ್ಫ್ಯೂರಿಕ್ ಆ್ಯಸಿಡ್ ಒಂದು ಲೀಟರ್ ಅಂದರೆ 1.84 ಕೆ.ಜಿ. ತೂಕ, ತುಂಬಿದ ಕ್ಯಾನು 64 ಕೆ.ಜಿ. ದಾಟುತ್ತದೆ. ಒಬ್ಬರು ಬಗ್ಗಿಸುವ ವಸ್ತು ಅಲ್ಲ ಅದು. ಗಾಳಿ ಒಳಗೆ ಹೋಗಲು ಜಾಗ ಸಿಗದೆ "ಗುಳುಕ್" ಅಂತ ಒಮ್ಮೆಲೇ ಸಿಡಿದರೆ ಸೀದಾ ಮುಖಕ್ಕೆ.

ಹಾಗಾದರೆ ಪಂಪ್ ತಂದರೆ ಮುಗಿಯಿತೇ? ಅರ್ಧ ಮಾತ್ರ ಮುಗಿಯಿತು. ಅಂಗಡಿಗೆ ಹೋಗಿ "ಬ್ಯಾರಲ್ ಪಂಪ್ ಕೊಡ್ರಿ" ಅಂದರೆ ಅವರು ಕೊಡುವುದು ಸಾಮಾನ್ಯವಾಗಿ ಕೈಯಿಂದ ತಿರುಗಿಸುವ ಬೀಡಿನ ರೋಟರಿ ಪಂಪ್. ಡೀಸೆಲ್‌ಗೆ, ಎಂಜಿನ್ ಆಯಿಲ್‌ಗೆ ಅದು ಬಂಗಾರದಂಥ ವಸ್ತು. ಒಂದು ಸುತ್ತಿಗೆ ಸುಮಾರು ಕಾಲು ಲೀಟರ್ ಬರುತ್ತದೆ, 20 ಲೀಟರ್ ಕ್ಯಾನು ತುಂಬಲು ಎಂಬತ್ತು ಸುತ್ತು. ಕರೆಂಟ್ ಬೇಡ, ಕಿಡಿ ಇಲ್ಲ. ಅದೇ ಪಂಪನ್ನು ಹೈಡ್ರೋಕ್ಲೋರಿಕ್ ಆ್ಯಸಿಡ್‌ಗೆ ಹಾಕಿದರೆ ಕಬ್ಬಿಣ ಕರಗುತ್ತದೆ, ಜೊತೆಗೆ ಹೈಡ್ರೋಜನ್ ಗ್ಯಾಸ್ ಹೊರಡುತ್ತದೆ. ಅಲ್ಯೂಮಿನಿಯಂ ಪಂಪ್ ಆದರೆ ಇನ್ನೂ ಜೋರು. "ಸ್ಟೀಲ್ ಐತಿ, ಜಂಗು ಹಿಡಿಯೂದಿಲ್ಲ" ಅನ್ನುವ ಭರವಸೆಯೂ ಇಲ್ಲಿ ನಡೆಯುವುದಿಲ್ಲ, ಈ ಆ್ಯಸಿಡ್ ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತದೆ. ಹೈಡ್ರೋಕ್ಲೋರಿಕ್ ಮತ್ತು ಫಾಸ್ಫರಿಕ್‌ಗೆ ಪಾಲಿಪ್ರೊಪಿಲಿನ್ ಪ್ಲಾಸ್ಟಿಕ್ಕಿನ ಕೈಪಂಪ್ ಸರಿ. ಆದರೆ 98 ಪರ್ಸೆಂಟ್ ಸಲ್ಫ್ಯೂರಿಕ್ ಈ ಪ್ಲಾಸ್ಟಿಕ್ಕನ್ನೂ ಬರಬರುತ್ತಾ ಕೆಡಿಸುತ್ತದೆ. ಅದಕ್ಕೆ ಪಿವಿಡಿಎಫ್ ಅಥವಾ ಟೆಫ್ಲಾನ್ ಭಾಗಗಳಿರುವ ಪಂಪೇ ಬೇಕು, ರೇಟು ಜಾಸ್ತಿ. ನನ್ನ ಅಭಿಪ್ರಾಯ ಕೇಳಿದರೆ, ಸಣ್ಣ ತೋಟದವರು ಗಟ್ಟಿ ಸಲ್ಫ್ಯೂರಿಕ್ ಗೊಡವೆಗೇ ಹೋಗಬಾರದು, ಫಾಸ್ಫರಿಕ್ ಮೇಲೆ ಮುಗಿಸುವುದು ಲೇಸು.

ಪಂಪಿನ ಮೈ ನೋಡಿದವರು ಒಳಗಿನ ವಾಶರ್ ನೋಡುವುದಿಲ್ಲ. ಸೋರುವುದು ಮಾತ್ರ ಅಲ್ಲಿಂದಲೇ. ಡೀಸೆಲ್‌ಗೆ ನೈಟ್ರೈಲ್ ಅಥವಾ ವೈಟಾನ್ ವಾಶರ್ ಇರಬೇಕು. ಇಪಿಡಿಎಂ ಅನ್ನುವ ರಬ್ಬರ್ ಡೀಸೆಲ್ ಕುಡಿದು ಉಬ್ಬಿಕೊಳ್ಳುತ್ತದೆ, ಪಂಪ್ ಜಾಮ್ ಆಗುತ್ತದೆ. ಕಾಸ್ಟಿಕ್ ಸೋಡಾ ನೀರಿಗೆ ಅದೇ ಇಪಿಡಿಎಂ ಒಳ್ಳೆಯದು, ಅಲ್ಲಿ ವೈಟಾನ್ ಬಾಳಿಕೆ ಬರುವುದಿಲ್ಲ. ಅಂಗಡಿಯವರು "ಎಲ್ಲಾದಕ್ಕೂ ನಡೀತದ್ರಿ" ಅಂದರೆ ನಂಬಬೇಡಿ. ಆ್ಯಸಿಡ್ ಕ್ಯಾನಿನ ಲೇಬಲ್ಲಿನ ಫೋಟೊ ತೋರಿಸಿ, ಹೆಸರು ಮತ್ತು ಪರ್ಸೆಂಟ್ ಹೇಳಿ, ಕಂಪನಿಯ ಚಾರ್ಟ್ ನೋಡಿಸಿಕೊಂಡು ತಗೊಳ್ಳಿ.

ಪಂಚಾಯ್ತಿ ವಾಟರ್‌ಮನ್‌ಗಳಿಗೆ ಒಂದು ಮಾತು. ಕುಡಿಯುವ ನೀರಿಗೆ ಹಾಕುವ ಹೈಪೋಕ್ಲೋರೈಟ್ ದ್ರಾವಣ ಮತ್ತು ಆ್ಯಸಿಡ್ ಎರಡೂ ಒಂದೇ ಪಂಪಿನಲ್ಲಿ ಸೇರಿದರೆ ಕ್ಲೋರಿನ್ ಗ್ಯಾಸ್ ಹುಟ್ಟುತ್ತದೆ. ಪಂಪಿನೊಳಗೆ ಉಳಿದ ಒಂದು ಲೋಟದಷ್ಟು ಸಾಕು, ಮುಚ್ಚಿದ ಪಂಪ್‌ಹೌಸಿನಲ್ಲಿ ಉಸಿರು ಕಟ್ಟಲು. ಹೊಲದಲ್ಲಿ ಡ್ರಿಪ್‌ಗೆ ಬಳಸಿದ ಪಂಪನ್ನು "ಇವತ್ತೊಂದಿನ ಕೊಡೋ ತಮ್ಮಾ" ಅಂತ ಕಡ ತರುವುದು ಇದೇ ಕಾರಣಕ್ಕೆ ಅಪಾಯ.

ಇನ್ನು ಬೆಂಕಿಯ ವಿಷಯ. ಯಾವ ಉಷ್ಣತೆಯಲ್ಲಿ ಇಂಧನದ ಆವಿ ಕಿಡಿಗೆ ಹೊತ್ತಿಕೊಳ್ಳುತ್ತದೋ ಅದಕ್ಕೆ ಫ್ಲ್ಯಾಶ್ ಪಾಯಿಂಟ್ ಅಂತಾರೆ. ಡೀಸೆಲ್‌ಗೆ ಭಾರತೀಯ ಮಾನಕ ಕೇಳುವುದು ಕನಿಷ್ಠ 35 ಡಿಗ್ರಿ. ಏಪ್ರಿಲ್, ಮೇನಲ್ಲಿ ನಮ್ಮ ಜಿಲ್ಲೆಯ ನೆರಳಿನ ಬಿಸಿಲೇ 40 ಮುಟ್ಟುತ್ತದೆ, ಬಿಸಿಲಿಗಿಟ್ಟ ಕರಿ ಬ್ಯಾರಲ್ಲಿನ ಕಥೆ ಬೇರೆ ಹೇಳಬೇಕಿಲ್ಲ. ಚಳಿಗಾಲದಲ್ಲಿ ಸುಮ್ಮನಿರುವ ಡೀಸೆಲ್ ಬೇಸಿಗೆಯಲ್ಲಿ ಪೆಟ್ರೋಲಿನ ತಮ್ಮನಂತೆ ಆಡಬಹುದು. ಪೆಟ್ರೋಲ್ ಅಂತೂ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಆವಿ ಬಿಡುತ್ತದೆ; ಮನೆಬಳಕೆಗೆ ಲೈಸೆನ್ಸ್ ಇಲ್ಲದೆ 30 ಲೀಟರಿಗಿಂತ ಹೆಚ್ಚು ಇಡಲು 1934ರ ಪೆಟ್ರೋಲಿಯಂ ಕಾಯ್ದೆಯೇ ಬಿಡುವುದಿಲ್ಲ. ಡೀಸೆಲ್‌ಗೆ ಆ ಮಿತಿ 2,500 ಲೀಟರ್, ಒಂದೊಂದು ಪಾತ್ರೆ 1,000 ಲೀಟರ್ ಮೀರಬಾರದು.

ಟ್ರ್ಯಾಕ್ಟರ್ ಬ್ಯಾಟರಿಗೆ ಹಚ್ಚುವ 12 ವೋಲ್ಟಿನ ಸಣ್ಣ ಪಂಪ್‌ಗಳು ಈಗ ಆನ್‌ಲೈನಿನಲ್ಲಿ ಅಗ್ಗಕ್ಕೆ ಬರುತ್ತಿವೆ. ಡೀಸೆಲ್‌ಗೆಂದೇ ಮಾಡಿದ್ದಾದರೆ ಪರವಾಗಿಲ್ಲ, ಪೆಟ್ರೋಲ್‌ಗೆ, ಥಿನ್ನರ್‌ಗೆ ಖಂಡಿತ ಬೇಡ. ಕ್ಲಿಪ್ ಹಚ್ಚುವಾಗ ಕಿಡಿ ಹಾರುವುದರಿಂದ ಸ್ವಿಚ್ ಆಫ್ ಇಟ್ಟು, ಬ್ಯಾರಲ್ ಬಾಯಿ ತೆರೆಯುವ ಮೊದಲೇ ಬ್ಯಾಟರಿ ಜೋಡಿಸಿಕೊಳ್ಳಬೇಕು. ಪೆಟ್ರೋಲ್, ಥಿನ್ನರ್, ಸ್ಪಿರಿಟ್ ಬಳಸುವ ಕಾರ್ಖಾನೆಯವರಿಗೆ ಮೋಟಾರಿನ ಮೇಲೆ ಫ್ಲೇಮ್‌ಪ್ರೂಫ್ ಅಂತ ಪೆಸೊ ಅನುಮೋದನೆ ಇರಲೇಬೇಕು, ಇಲ್ಲವೇ ಗಾಳಿಯಿಂದ ನಡೆಯುವ ಪಂಪ್. ಮೋಟಾರ್ ಇಲ್ಲದಿದ್ದರೂ ಇಂಥ ದ್ರವ ಪೈಪಿನಲ್ಲಿ ಹರಿಯುವಾಗ ಸ್ಥಿರ ವಿದ್ಯುತ್ ಕೂಡುತ್ತದೆ. ಬ್ಯಾರಲ್‌ಗೂ ತುಂಬುವ ಕಬ್ಬಿಣದ ಡಬ್ಬಿಗೂ ಒಂದು ತಾಮ್ರದ ವಾಯರ್ ಕಟ್ಟಿ, ಬ್ಯಾರಲ್ಲಿನಿಂದ ಇನ್ನೊಂದನ್ನು ಅರ್ಥಿಂಗಿಗೆ ಬಿಡಬೇಕು. ಕ್ಯಾನನ್ನು ಟ್ರ್ಯಾಲಿ ಮೇಲಿಟ್ಟು ತುಂಬದೆ ನೆಲಕ್ಕಿಳಿಸಬೇಕು.

ಪಂಪೂ ಬೇಡ, ಪೈಪೂ ಬೇಡ, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬ್ಯಾರಲ್‌ಗೆ ಬಿಟ್ಟರೆ ತಾನೇ ಹೊರಗೆ ಬರ್ತದ ಅನ್ನುವ ಜಾಣರೂ ಇದ್ದಾರೆ. ಬ್ಯಾರಲ್ ಅನ್ನು ಗಾಳಿಯ ಒತ್ತಡ ತಡೆಯಲು ಮಾಡಿರುವುದಿಲ್ಲ. ಅದು ಒಡೆಯುವುದು ತಳದ ಅಂಚಿನಲ್ಲಿ, ಆಗ ಇಡೀ ಬ್ಯಾರಲ್ ಮೇಲಕ್ಕೆ ಹಾರುತ್ತದೆ.

ಗಟ್ಟಿ ದ್ರವಗಳ ಗೋಳು ಬೇರೆ. 90 ನಂಬರ್ ಗೇರ್ ಆಯಿಲ್, ಗಾಣದ ಕುಸುಬಿ ಎಣ್ಣೆಗೆ ಒತ್ತುವ ಪ್ಲಾಸ್ಟಿಕ್ ಸೈಫನ್ ಪಂಪ್ ಹಾಕಿದರೆ ಕೈ ಸೋಲುತ್ತದೆಯೇ ಹೊರತು ಎಣ್ಣೆ ಬರುವುದಿಲ್ಲ. ಪಂಪಿನ ಮೇಲೆ ಬರೆದ ಲೀಟರ್ ಲೆಕ್ಕ ನೀರಿನದು. ಗೇರ್ ಆಯಿಲ್‌ಗೆ ರೋಟರಿ ಇಲ್ಲವೇ ಲಿವರ್ ಪಂಪ್ ತಗೊಳ್ಳಿ. ತಿನ್ನುವ ಎಣ್ಣೆಗೆ ಆಹಾರಕ್ಕೆ ನಡೆಯುವ ಸ್ಟೀಲಿನ ಪಂಪ್ ಪ್ರತ್ಯೇಕವೇ ಇರಲಿ, ಅದು ಬೇರೆ ಬ್ಯಾರಲ್ ಕಾಣಬಾರದು.

ದ್ರಾಕ್ಷಿಯವರಿಗೆ ಇನ್ನೊಂದು. ಅಕ್ಟೋಬರ್ ಚಾಟ್ನಿ ಆದಮೇಲೆ ಕಡ್ಡಿಗೆ ಹಚ್ಚುವ ಹೈಡ್ರೋಜನ್ ಸಯನಮೈಡ್ ಅನ್ನು ಕ್ಯಾನಿನಿಂದ ಬಗ್ಗಿಸದೆ ಪ್ಲಾಸ್ಟಿಕ್ ಕೈಪಂಪಿನಿಂದಲೇ ತೆಗೆಯಿರಿ, ಕೈಗವಸು, ಕನ್ನಡಕ ಬಿಡಬೇಡಿ. ಈ ಔಷಧ ಮೈಸೇರಿದ ಮೇಲೆ ಸಂಜೆ ಶೆರೆ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯುತ್ತದೆ. ಹಚ್ಚುವ ಆಳುಗಳಿಗೆ ಇದನ್ನು ಮೊದಲೇ ಹೇಳಬೇಕು. ಹಿಂದಿನ ದಿನದಿಂದ ಮುಂದೆ ಕೆಲವು ದಿನ ಕುಡಿತ ಬಂದ್.

ಪಂಪ್ ತರುವ ಮುನ್ನ ಬ್ಯಾರಲ್ಲಿನ ಬಾಯಿ ಅಳೆಯಿರಿ. ದೊಡ್ಡದು ಎರಡು ಇಂಚು, ಸಣ್ಣದು ಮುಕ್ಕಾಲು ಇಂಚು ಇರುತ್ತದೆ. ಪಂಪ್ ದೊಡ್ಡದಕ್ಕೆ ಕೂಡುತ್ತದೆ, ತೆಗೆಯುವಾಗ ಸಣ್ಣದನ್ನು ಸಡಿಲ ಮಾಡಬೇಕು, ಇಲ್ಲದಿದ್ದರೆ ಗಾಳಿ ಸಿಗದೆ ಪ್ಲಾಸ್ಟಿಕ್ ಬ್ಯಾರಲ್ ಒಳಗೆ ಸೊಟ್ಟಗಾಗುತ್ತದೆ. ಸೈಫನ್ ಪಂಪ್ ಆದರೆ ಕೈ ಬಿಟ್ಟ ಮೇಲೂ ಹರಿಯುತ್ತಲೇ ಇರುತ್ತದೆ. ತಲೆಯ ಮೇಲಿನ ಗಾಳಿ ತಿರುಪು ಬಿಚ್ಚಿದಾಗಲೇ ನಿಲ್ಲುವುದು. ಒಮ್ಮೆ ನೀರು ತುಂಬಿದ ಬ್ಯಾರಲ್ ಮೇಲೆ ರೂಢಿ ಮಾಡಿಕೊಂಡು ಆಮೇಲೆ ಆ್ಯಸಿಡ್‌ಗೆ ಹಚ್ಚಿ. ಆದರೆ ಪಂಪನ್ನು ಪೂರ್ತಿ ಒಣಗಿಸಿ, ಯಾಕೆಂದರೆ ಒಳಗೆ ಉಳಿದ ನೀರಿಗೆ ಗಟ್ಟಿ ಸಲ್ಫ್ಯೂರಿಕ್ ತಾಗಿದರೆ ಕುದ್ದು ಸಿಡಿಯುತ್ತದೆ. ಟಾಕಿಯಲ್ಲಿ ಬೆರೆಸುವಾಗಲೂ ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್‌ಗೆ ನೀರಲ್ಲ. ಪಕ್ಕದಲ್ಲಿ ಎರಡು ಕೊಡ ಶುದ್ಧ ನೀರು ತುಂಬಿಟ್ಟುಕೊಂಡೇ ಕೆಲಸಕ್ಕೆ ಕೈ ಹಾಕಿ. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಬಿಡದೆ ತೊಳೆದು ಆಮೇಲೆ ಗಾಡಿ ಹತ್ತಬೇಕು.